ಎರಿ ನೆಲಕ್ಕೆ ಒಗ್ಗಿದ ಜೀಪು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮೂಡಲಗಿಯ ರಸ್ತೆಗಳಲ್ಲಿ ಟ್ರ್ಯಾಕ್ಟರಿಗೇ ಮೊದಲ ಮರ್ಯಾದೆ. ಬೆನ್ನಿಗೆ ಎರಡು ಟ್ರೇಲರ್ ಕಟ್ಟಿಕೊಂಡು, ದಾರಿಯುದ್ದಕ್ಕೂ ಕಬ್ಬಿನ ರವದಿ ಚೆಲ್ಲುತ್ತ, ಹಾಡು ಹಚ್ಚಿಕೊಂಡು ಹೊರಟ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡ ಕಾರಿನವನಿಗೆ ಗುರ್ಲಾಪುರ ಕ್ರಾಸ್ ಬರುವತನಕ ತಾಳ್ಮೆಯೇ ಗತಿ. ಈ ಸಾಲಿನ ನಡುವೆ ಎಲ್ಲಿಯೋ ಒಮ್ಮೊಮ್ಮೆ ಮೂತಿ ಎತ್ತರಿಸಿದ, ಬಾಗಿಲಿಲ್ಲದ, ತಾಡಪತ್ರಿ ಹೊದ್ದ ಒಂದು ಹಳೇ ಜೀಪು ಕಾಣಿಸುತ್ತದೆ. ಅದರ ಹಿಂಬದಿಯಲ್ಲಿ ಹಾಲಿನ ಕ್ಯಾನೋ, ಗೊಬ್ಬರದ ಚೀಲವೋ, ಸುಟ್ಟು ರಿಪೇರಿಗೆ ಹೊರಟ ಪಂಪಿನ ಮೋಟರೋ ಇರುತ್ತದೆ. ಹುಡುಗರು ತಿರುಗಿ ನೋಡುತ್ತಾರೆ. ಹಿರಿಯರು ನೋಡುವುದಿಲ್ಲ, ಅವರಿಗೆ ಅದು ಮನೆಯ ಹಳೇ ಎತ್ತಿನ ಹಾಗೆ.

ಅಮೆರಿಕದಲ್ಲಿ ಅರವತ್ತರ ದಶಕದ ಗಾಡಿಗಳ ಹುಚ್ಚು ದೊಡ್ಡದು. 1964ರಲ್ಲಿ ಬಂದ ಫೋರ್ಡ್ ಮಸ್ಟಾಂಗ್‌ನಂಥ ಕಾರನ್ನು ಬಿಚ್ಚಿ, ತುಕ್ಕು ತೆಗೆದು, ಮತ್ತೆ ಜೋಡಿಸಿ, ತಮಗೆ ಬೇಕಾದಂತೆ ಸಿಂಗರಿಸುವುದನ್ನು ವ್ರತದಂತೆ ಮಾಡುವವರಿದ್ದಾರೆ. ನಮ್ಮಲ್ಲಿ ಆ ಕಾಲದ ಅಮೆರಿಕನ್ ಕಾರು ಎಂದರೆ ಇಂಪಾಲಾ. ಅದು ಅರಮನೆಗಳ ಮುಂದೆ, ಸಿನಿಮಾದವರ ಮನೆಗಳ ಮುಂದೆ ನಿಂತ ಗಾಡಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಅಂಗಳದಲ್ಲಿ ಅರವತ್ತರ ದಶಕದ ಅಮೆರಿಕನ್ ಯಾರಾದರೂ ಇದ್ದರೆ ಅದು ಜೀಪು ಮಾತ್ರ. ಅದೂ ಮುಂಬಯಿಯಲ್ಲಿ ಹುಟ್ಟಿದ್ದು ಎಂಬುದು ಬೇರೆ ಮಾತು.

ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಕಟ್ಟಿದವು. ಯುದ್ಧ ಮುಗಿಯಿತು, ವಿಲ್ಲಿಸ್ ಕಂಪನಿ ಅದೇ ಗಾಡಿಯನ್ನು ಸಾಮಾನ್ಯರಿಗಾಗಿ ತಿದ್ದಿ ‘ಸಿಜೆ’, ಅಂದರೆ ‘ಸಿವಿಲಿಯನ್ ಜೀಪ್’ ಎಂದು ಮಾರತೊಡಗಿತು. ಅದು ಕಣ್ಣಿಟ್ಟದ್ದು ಶ್ರೀಮಂತರ ಮೇಲಲ್ಲ, ರೈತರ ಮೇಲೆ: ಹಗಲು ನೇಗಿಲು ಎಳೆ, ಸಂಜೆ ಪೇಟೆಗೆ ಹೋಗು, ಬೇಕಾದರೆ ಪಟ್ಟಿ ಹಾಕಿ ಯಂತ್ರ ತಿರುಗಿಸು ಎಂಬ ಲೆಕ್ಕ. 1953ರಲ್ಲಿ ಬಂದ ಸಿಜೆ-3ಬಿ ಮಾದರಿಯನ್ನು ಅಮೆರಿಕದವರು 1968ರಲ್ಲಿ ನಿಲ್ಲಿಸಿದರು. ಲೈಸೆನ್ಸ್ ಪಡೆದಿದ್ದ ಮಹೀಂದ್ರ ಕಂಪನಿ ಆ ಬಳಿಕವೂ ದಶಕಗಳ ಕಾಲ ಅದೇ ಮುಖದ ಜೀಪು ಮಾಡುತ್ತಲೇ ಇತ್ತು.

ಆ ಎತ್ತರದ ಮೂತಿಗೂ ಒಂದು ಕಾರಣವಿದೆ. ಹಳೆಯ ಜೀಪಿನ ಎಂಜಿನ್ನಿನಲ್ಲಿ ಎರಡೂ ವಾಲ್ವ್ ಕೆಳಗೆ, ಬ್ಲಾಕಿನಲ್ಲೇ ಇದ್ದವು. ಹೊಸ ‘ಹರಿಕೇನ್’ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲು ಒಳಬರುವ ವಾಲ್ವ್ ಮೇಲೆ ಹೆಡ್ಡಿಗೆ ಏರಿತು. ಹೊಗೆ ಹೊರಹೋಗುವ ವಾಲ್ವ್ ಕೆಳಗೇ ಉಳಿಯಿತು. ಶಕ್ತಿ ಹೆಚ್ಚಿತು, ಜೊತೆಗೆ ಎಂಜಿನ್ನಿನ ಎತ್ತರವೂ ಹೆಚ್ಚಿತು. ಬಾನೆಟ್ ಮುಚ್ಚಲಿಲ್ಲ. ಗಾಡಿಯನ್ನೆಲ್ಲ ಹೊಸದಾಗಿ ಬರೆಯುವ ಬದಲು ವಿಲ್ಲಿಸ್‌ನವರು ಬಾನೆಟ್ಟನ್ನೇ ಮೇಲೆತ್ತಿಬಿಟ್ಟರು. ಚೆಲುವಿಕೆಯ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಇಂದು ಅಭಿಮಾನಿಗಳು ಮೆಚ್ಚಿ ಮುಟ್ಟಿ ನೋಡುವುದು ಅದೇ ಮೂತಿಯನ್ನು.

ಹಳ್ಳಿಗೆ ಜೀಪು ಬಂದದ್ದು ಮೊದಲು ಸರ್ಕಾರದ ಹೆಸರಿನಲ್ಲಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬಿಡಿಓ ಸಾಹೇಬರು ಮತ್ತು ಜೀಪು ಎಂಬ ಜೋಡಿ ದೇಶದ ಹಳ್ಳಿ ಹಳ್ಳಿಗೂ ಪರಿಚಯವಾಯಿತು. ನೀರಾವರಿ, ಲೋಕೋಪಯೋಗಿ, ಪೊಲೀಸ್, ಮಲೇರಿಯಾ ನಿರ್ಮೂಲನೆ ಹೀಗೆ ಎಲ್ಲ ಇಲಾಖೆಗಳಿಗೂ ಅದೇ ವಾಹನ. ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭೆಗೆ ಹಿಡಕಲ್ ಅಣೆಕಟ್ಟು ಎದ್ದ ಕಾಲವೂ ಜೀಪುಗಳ ಕಾಲವೇ. ಇಲಾಖೆಗೆ ಸಾಕಾದ ಗಾಡಿ ಹರಾಜಿಗೆ ಬರುತ್ತದೆ. ಹರಾಜಿನಲ್ಲಿ ಕೂಗಿದವನ ಅಂಗಳ ಸೇರುತ್ತದೆ. ಇಲ್ಲಿನ ಎರಿ ಭೂಮಿ ಮಳೆಗಾಲದಲ್ಲಿ ಹೇಗಿರುತ್ತದೆಂದು ಕಂಡವರಿಗೆ ಹೇಳಬೇಕಾಗಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೂ ಕಾಲಿಗೆ ಸೇರು ಮಣ್ಣು ಮೆತ್ತಿಕೊಳ್ಳುತ್ತದೆ. ಹಿಂದಿನ ಎರಡೇ ಗಾಲಿ ಎಳೆಯುವ ವಾಹನ ಅಲ್ಲಿ ಕುಂಟುತ್ತದೆ. ನಾಲ್ಕೂ ಗಾಲಿ ಎಳೆಯುವ ಜೀಪು ದಾಟುತ್ತದೆ.

ಹೇಗೆ ದಾಟುತ್ತದೆ ಎಂಬುದು ಲೆಕ್ಕದ ವಿಷಯ, ಎಂಟನೇ ತರಗತಿಯ ಗುಣಾಕಾರ ಬಂದರೆ ಸಾಕು. ಜೀಪಿನ ಮೊದಲ ಗೇರಿನ ಅನುಪಾತ ಸುಮಾರು 2.8. ಅದರ ಹಿಂದಿರುವ ಇನ್ನೊಂದು ಪೆಟ್ಟಿಗೆಯನ್ನು ‘ಲೋ’ಗೆ ಹಾಕಿದರೆ ಮತ್ತೆ 2.46. ಆಕ್ಸಲಿನಲ್ಲಿ 5.38. ಮೂರನ್ನೂ ಗುಣಿಸಿದರೆ 37. ಅಂದರೆ ಎಂಜಿನ್ನು 37 ಸುತ್ತು ಸುತ್ತಿದಾಗ ಗಾಲಿ ಒಂದೇ ಸುತ್ತು ಬರುತ್ತದೆ. ವೇಗ ಬಿಟ್ಟುಕೊಟ್ಟು ಬಲ ಪಡೆಯುವ ವ್ಯಾಪಾರ ಇದು. ಶಾಲೆಯಲ್ಲಿ ಗೇರುಗಳ ಪಾಠ ಅರ್ಥವಾಗದ ಹುಡುಗನನ್ನು ಜೀಪಿನ ಕೆಳಗೆ ಮಲಗಿಸಿ, ಗಾಲಿಯನ್ನು ಜಾಕಿನ ಮೇಲೆ ನಿಲ್ಲಿಸಿ, ಕೈಯಿಂದ ತಿರುಗಿಸಿ ತೋರಿಸಿದರೆ ಅರ್ಥವಾದೀತು.

*ಟ್ರ್ಯಾಕ್ಟರಿನ ಎದೆ, ಜೀಪಿನ ಮೈ*

ಇಷ್ಟಾದರೂ ಇಲ್ಲಿ ಉಳಿದಿರುವ ಹಳೇ ಜೀಪುಗಳ ಬಾನೆಟ್ ಎತ್ತಿದರೆ ಆ ಹೆಸರಾಂತ ಹರಿಕೇನ್ ಎಂಜಿನ್ ಸಿಗುವುದು ಅಪರೂಪ. 1973ರ ಬಳಿಕ ಪೆಟ್ರೋಲಿನ ಬೆಲೆ ಏರಿದ ಪರಿಗೆ ಎರಡು ಲೀಟರಿಗೂ ದೊಡ್ಡದಾದ ಆ ಎಂಜಿನ್ನಿನ ಹೊಟ್ಟೆ ತುಂಬಿಸುವುದು ರೈತನಿಗೆ ಹೊರೆಯಾಯಿತು. ಆಗ ಕಣ್ಣಿಗೆ ಬಿದ್ದದ್ದು ಡೀಸೆಲ್. 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಜೊತೆಗೂಡಿ ಮಹೀಂದ್ರದವರು ಟ್ರ್ಯಾಕ್ಟರ್ ಕಂಪನಿ ಕಟ್ಟಿದ್ದರು. ಅವರ ಬಿ-275 ಟ್ರ್ಯಾಕ್ಟರು ಹೊಲಕ್ಕಿಳಿಯಿತು. ಕಂಪನಿ ಬದಲಾಯಿತು, ಬಣ್ಣ ಬದಲಾಯಿತು. ‘275’ ಎಂಬ ಸಂಖ್ಯೆ ಮಾತ್ರ ಇಂದಿಗೂ ಟ್ರ್ಯಾಕ್ಟರಿನ ಮೈಮೇಲೆ ಉಳಿದಿದೆ. ಆ ಜಾತಿಯ ಡೀಸೆಲ್ ಎಂಜಿನ್ನನ್ನು ಕಂಪನಿಯೇ ಮುಂದೆ ಜೀಪಿಗೂ ಕೂಡಿಸಿ ಮಾರಿತು. ಎಂಬತ್ತರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಡೀಸೆಲ್ ಎಂಜಿನ್ ಬಂತು. ಕಂಪನಿಯೇ ದಾರಿ ತೋರಿಸಿದ ಮೇಲೆ ಗ್ಯಾರೇಜಿನ ಮಿಸ್ತ್ರಿಗಳು ಸುಮ್ಮನಿದ್ದಾರೆಯೇ? ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸುವುದು ದೇಶದ ಉದ್ದಗಲಕ್ಕೂ ಒಂದು ಕಸುಬೇ ಆಯಿತು. ಬೋರಿಂಗಿಗೆ, ಕ್ರ್ಯಾಂಕ್ ಸಾಣೆಗೆ ದೂರ ಹೋಗಬೇಕಾಗಿರಲಿಲ್ಲ. ಈ ಸೀಮೆಯ ಒಂದು ಕಡೆ ಬೆಳಗಾವಿಯ ಉದ್ಯಮಬಾಗ, ಇನ್ನೊಂದು ಕಡೆ ಕೊಲ್ಹಾಪುರದ ಉದ್ಯಮನಗರ, ಎರಡೂ ಲೇಥು ಮತ್ತು ಎರಕದ ಕೆಲಸಕ್ಕೆ ಹೆಸರಾದವು.

ಇದನ್ನು ಗಾಡಿಗೆ ಮಾಡಿದ ದ್ರೋಹ ಎನ್ನುವ ಪಂಡಿತರಿದ್ದಾರೆ. ಒಪ್ಪುವುದು ಕಷ್ಟ. ಎಂಜಿನ್ ಬದಲಾಗದಿದ್ದರೆ ಈ ಜೀಪುಗಳಲ್ಲಿ ಮುಕ್ಕಾಲು ಪಾಲು ಎಂದೋ ಗುಜರಿ ಸೇರಿರುತ್ತಿದ್ದವು. ಬದಲಾದದ್ದರಿಂದಲೇ ಬದುಕಿದವು. ತೊಡಕು ಇರುವುದು ಬೇರೆ ಕಡೆ: ಈಗ ಅದೇ ಜೀಪನ್ನು ‘ಮೂಲ ಸ್ಥಿತಿಗೆ’ ತರಬೇಕೆಂದು ಹೊರಟ ಮಗನಿಗೂ, ಅದನ್ನು ನಡೆಸಿ ಉಳಿಸಿದ ಅಪ್ಪನಿಗೂ ಮಾತು ಕೂಡುವುದಿಲ್ಲ. ಅಂಗಳದಲ್ಲಿ ಜೀಪು ನಿಂತ ಮನೆಗಳಲ್ಲಿ ಕೇಳಿಬರುವ ಮಾತು ಹೆಚ್ಚು ಕಡಿಮೆ ಹೀಗೆ:

‘‘ಅಪ್ಪಾ, ಜೀಪ ಗುಜರಿಗೆ ಹಾಕಬ್ಯಾಡ್ರಿ. ಪೂರಾ ಬಿಚ್ಚಿ ಹೊಸಾದು ಮಾಡೂಣು.’’

‘‘ಅದರ ಮ್ಯಾಲ ರೊಕ್ಕ ಸುರದರ ಏನ್ ಬರತೈತೋ? ಮೊದಲ ಪರೀಕ್ಷಾ ಮುಗಸು.’’

ಅಪ್ಪ ಹೇಳುವುದರಲ್ಲಿ ತಪ್ಪಿಲ್ಲ. ಹಳೇ ಗಾಡಿ ಬಿಚ್ಚುವುದು ಸುಲಭ, ಕೂಡಿಸುವುದು ಕಷ್ಟ. ಅರ್ಧ ಬಿಚ್ಚಿದ ಜೀಪು ದನದ ಕೊಟ್ಟಿಗೆಯಲ್ಲಿ ಕೋಳಿಗೂಡಾಗಿ ನಿಂತದ್ದುಂಟು. ಆದರೆ ಮಗನ ಆಸೆಯೂ ಕೆಟ್ಟದ್ದಲ್ಲ. ಇವರಿಬ್ಬರೂ ಪಾನಾ ಕೈಗೆತ್ತಿಕೊಳ್ಳುವ ಮುನ್ನ ಪೆಟ್ಟಿಗೆಯಿಂದ ತೆಗೆಯಬೇಕಾದದ್ದು ಕಾಗದ.

ನೋಂದಣಿ ಪುಸ್ತಕದಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಇಂಧನ ಯಾವುದೆಂಬ ನಮೂದು ಗಾಡಿಯ ಮೇಲಿರುವುದಕ್ಕೆ ಹೊಂದುತ್ತವೆಯೇ? ಮೈಸೂರು ರಾಜ್ಯದ ಕಾಲದ ‘ಎಂವೈ’ ಅಕ್ಷರದ ಗಾಡಿಯಾದರೆ ಇನ್ನೂ ಎಚ್ಚರ ಬೇಕು. ಕೈ ಬದಲಾಗುತ್ತ ಬಂದ ಗಾಡಿಯಲ್ಲಿ ಡೀಸೆಲ್ ಇದ್ದು ಪುಸ್ತಕದಲ್ಲಿ ಪೆಟ್ರೋಲ್ ಎಂದೇ ಉಳಿದಿರಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹಿಂದೆ ಎಲ್ಲರೂ ಮಾಡಿದ್ದನ್ನು ಇಂದು ಹೊಸದಾಗಿ ಮಾಡಲು ಬರುವುದಿಲ್ಲ.

ಇನ್ನು 2021ರ ನಿಯಮದ ಮಾತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಮೈ, ಎಂಜಿನ್ ಯಾವುದರಲ್ಲೂ ದೊಡ್ಡ ಬದಲಾವಣೆಯಿಲ್ಲದೆ ಮೂಲ ರೂಪದಲ್ಲಿರುವ ಕಾರು ಮತ್ತು ದ್ವಿಚಕ್ರಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಫಲಕದಲ್ಲಿ ‘ವಿಎ’ ಅಕ್ಷರ ಬರುತ್ತದೆ. ನೋಂದಣಿ 10 ವರ್ಷಕ್ಕೆ ನಡೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ಅರವತ್ತರ ದಶಕದ ಜೀಪಿಗೆ ವಯಸ್ಸಿನ ಅರ್ಹತೆಯೇನೋ ಇದೆ. ಆದರೆ ಟ್ರ್ಯಾಕ್ಟರಿನ ಎದೆ ಹೊತ್ತು ಐವತ್ತು ಮಳೆಗಾಲ ದುಡಿದ ಜೀಪು ಈ ಪರೀಕ್ಷೆಯಲ್ಲಿ ನಪಾಸು. ದುಡಿಯದೆ ಶೆಡ್ಡಿನಲ್ಲಿ ನಿಂತಿದ್ದ ಜೀಪು ಪಾಸು! ಅಷ್ಟೇ ಅಲ್ಲ, ವಿಂಟೇಜ್ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಇಂಧನ ತುಂಬಿಸಲು ಮಾತ್ರ ರಸ್ತೆಗಿಳಿಯಬೇಕು. ಹಾಲಿನ ಕ್ಯಾನು ಹೇರುವ ಮಾತೇ ಇಲ್ಲ. ಹಾಗಾಗಿ ಮನೆಯವರು ಮೊದಲೇ ಒಂದು ನಿರ್ಧಾರಕ್ಕೆ ಬರಬೇಕು: ಜೀಪು ದುಡಿಯಬೇಕೋ, ನಿಲ್ಲಬೇಕೋ? ದುಡಿಯಬೇಕೆಂದರೆ ಇರುವ ಎಂಜಿನ್ನನ್ನೇ, ಪುಸ್ತಕದಲ್ಲಿ ಅದು ನಮೂದಾಗಿದ್ದರೆ, ಅಚ್ಚುಕಟ್ಟು ಮಾಡುವುದು ಜಾಣತನ. 15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುತ್ತ ಹೋಗಬೇಕು. ಅದರ ಶುಲ್ಕ 2022ರಿಂದ ಈಚೆಗೆ ಬಲು ಏರಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಾಗದ ಸರಿಯಿದ್ದರೆ ಇನ್ನು ಕೆಳಗೆ ಮಲಗಬಹುದು.

ಅನುಭವಿ ಮಿಸ್ತ್ರಿ ಮೊದಲು ಎಂಜಿನ್ನಿಗೆ ಕೈ ಹಾಕುವುದಿಲ್ಲ. ಚಾಸಿಯನ್ನು ಸಣ್ಣ ಸುತ್ತಿಗೆಯಿಂದ ಬಡಿಯುತ್ತ ಹೋಗುತ್ತಾನೆ. ಗಟ್ಟಿ ಕಬ್ಬಿಣ ಘಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ದಬ್ ಎನ್ನುತ್ತದೆ. ಪಾಟಾ ಕೂಡುವ ಕೊಂಡಿಗಳ ಹತ್ತಿರ, ಹಿಂದಿನ ಅಡ್ಡಪಟ್ಟಿಯಲ್ಲಿ ಮಣ್ಣು ನಿಂತು ತುಕ್ಕು ಹಿಡಿಯುವುದು ಹೆಚ್ಚು. ಚಾಸಿ ಕೆಟ್ಟಿದ್ದರೆ ಮೇಲಿನ ಬಣ್ಣಕ್ಕೆ ಅರ್ಥವಿಲ್ಲ. ಪೆಟ್ರೋಲ್ ಟ್ಯಾಂಕು ಇರುವುದು ಡ್ರೈವರನ ಸೀಟಿನ ಅಡಿಯಲ್ಲೇ. ಅದರ ಸುತ್ತಮುತ್ತ ವೆಲ್ಡಿಂಗ್ ಮಾಡುವ ಮುನ್ನ ಟ್ಯಾಂಕನ್ನು ಹೊರತೆಗೆದು ದೂರ ಇಡಬೇಕು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ. ಅದರೊಳಗಿನ ಆವಿಗೆ ಒಂದು ಕಿಡಿ ಸಾಕು.

ಎಂಜಿನ್ನಿನ ಆರೋಗ್ಯ ತಿಳಿಯಲು ಬಿಚ್ಚಬೇಕಾಗಿಲ್ಲ. ಪೆಟ್ರೋಲ್ ಜೀಪಾದರೆ ನಾಲ್ಕೂ ಪ್ಲಗ್ ತೆಗೆದು ಒಂದೊಂದು ಸಿಲಿಂಡರಿನ ಒತ್ತಡವನ್ನು ಗೇಜಿನಿಂದ ಅಳೆಯುತ್ತಾರೆ. ಒಂದು ಕಡೆ ಕಡಿಮೆ ಬಂದರೆ ಆ ರಂಧ್ರದೊಳಗೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿತೇ? ಪಿಸ್ಟನ್ನಿನ ರಿಂಗು ಸವೆದಿದೆ. ಎಣ್ಣೆ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತು. ಏರಲಿಲ್ಲವೇ? ತಪ್ಪು ವಾಲ್ವಿನದ್ದಿರಬಹುದು. ವೈದ್ಯರು ನಾಡಿ ಹಿಡಿದಂತೆ ಇದು.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿತ್ತು. ನೆರೆಯ ನೀರಿನಲ್ಲಿ ನಿಂತ ಯಾವುದೇ ಗಾಡಿಯನ್ನು ಕೊಂಡು ರಿಪೇರಿ ಮಾಡುವವರು ಮೊದಲು ಗೇರ್ ಪೆಟ್ಟಿಗೆಯ ಮತ್ತು ಆಕ್ಸಲಿನ ಎಣ್ಣೆ ಇಳಿಸಿ ಬಣ್ಣ ನೋಡಬೇಕು. ಹಾಲು ಹೆಚ್ಚಾದ ಚಹಾದ ಬಣ್ಣ ಬಂದರೆ ನೀರು ಸೇರಿದೆ. ಆ ಎಣ್ಣೆಯಲ್ಲೇ ಓಡಿಸಿದರೆ ಬೇರಿಂಗುಗಳ ಕತೆ ಮುಗಿಯಿತು.

*ಹೊಲದ ಕಬ್ಬು, ಟ್ಯಾಂಕಿನ ಮದ್ದು*

ಮೂಲ ಪೆಟ್ರೋಲ್ ಎಂಜಿನ್ನನ್ನೇ ಉಳಿಸಿಕೊಂಡವರಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ತಲೆನೋವು ಬಂದಿದೆ. ಅದು ಈ ಸೀಮೆಯ ಹೊಲದಿಂದಲೇ ಎದ್ದು ಬಂದದ್ದು. ಕಬ್ಬಿನ ರಸ ಮತ್ತು ಕಾಕಂಬಿಯಿಂದ ಎಥನಾಲ್ ತಯಾರಾಗುತ್ತದೆ. ಅದನ್ನು ಪೆಟ್ರೋಲಿಗೆ ಬೆರೆಸುತ್ತಾರೆ. 2025ರ ಹೊತ್ತಿಗೆ ಈ ಬೆರಕೆ ದೇಶದಲ್ಲಿ ಶೇ 20ಕ್ಕೆ ಮುಟ್ಟಿತು. ಕಬ್ಬು ಬೆಳೆಗಾರನಿಗೆ ಇದು ಒಳ್ಳೆಯದೇ. ಅವನ ಶೆಡ್ಡಿನಲ್ಲಿರುವ ಹಳೇ ಜೀಪಿಗೆ ಅಲ್ಲ.

ಅರವತ್ತರ ದಶಕದಲ್ಲಿ ರಬ್ಬರಿನ ಪೈಪು, ಪೆಟ್ರೋಲ್ ಪಂಪಿನ ಪೊರೆ, ಬೂಚಿನ ಗ್ಯಾಸ್ಕೆಟ್ ಮಾಡಿದವರು ಎಥನಾಲನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ. ಎಥನಾಲ್ ತಾಗಿದ ಹಳೇ ರಬ್ಬರು ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಸೀಳುತ್ತದೆ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲು ತೊಟ್ಟಿಕ್ಕುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು, ಎಥನಾಲು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಮತ್ತು ಎಥನಾಲು ಬೇರ್ಪಟ್ಟು ತಳಕ್ಕೆ ಕೂತು, ತಗಡು ತುಕ್ಕು ಹಿಡಿಯುತ್ತದೆ. ಮೂರನೆಯದು, ಅದು ಒಳ್ಳೆಯ ತೊಳೆಯುವ ದ್ರಾವಣವೂ ಹೌದು: ಹತ್ತಾರು ವರ್ಷದ ಜಿಡ್ಡನ್ನು ಬಿಡಿಸಿ ತಂದು ಕಾರ್ಬೊರೇಟರಿನ ಬಾಯಿಗೆ ತುಂಬುತ್ತದೆ. ಮಿಸ್ತ್ರಿ ಇಗ್ನಿಷನ್ ಪಾಯಿಂಟ್ ತಿಕ್ಕಿ, ಪ್ಲಗ್ ಬದಲಿಸಿ, ಟೈಮಿಂಗ್ ನೋಡಿ ಸುಸ್ತಾದ ಮೇಲೆ ದೋಷ ಒಂದು ಚಿಟಿಕೆ ಕಸದಲ್ಲಿ ಸಿಗುತ್ತದೆ.

ಪರಿಹಾರ ದೊಡ್ಡದೇನಲ್ಲ, ಆದರೆ ಪಟ್ಟಾಗಿ ಮಾಡಬೇಕು. ಇಂಧನದ ದಾರಿಯ ಎಲ್ಲ ರಬ್ಬರನ್ನೂ ಎಥನಾಲ್ ತಾಳುವ ಜಾತಿಯದಕ್ಕೆ ಬದಲಿಸುವುದು, ಟ್ಯಾಂಕು ತೊಳೆದು ಒಳಗಿನ ತುಕ್ಕು ತೆಗೆಸುವುದು, ಕಣ್ಣಿಗೆ ಕಾಣುವಂತೆ ಒಂದು ಫಿಲ್ಟರ್ ಹಾಕುವುದು. ಎಲ್ಲಕ್ಕಿಂತ ಮುಖ್ಯ, ಗಾಡಿಯನ್ನು ಆಗಾಗ ಓಡಿಸುವುದು. ನಿಂತೇ ಕೆಡುವ ಯಂತ್ರ ಇದು. ಓಡಿ ಕೆಡುವುದು ಕಡಿಮೆ.

ಈಗ ಸಿಂಗಾರದ ಸರದಿ. ಹುಡುಗರ ಉತ್ಸಾಹ ಇಲ್ಲಿ ಕಟ್ಟೆ ಒಡೆಯುತ್ತದೆ. ಹರಿಯಾಣದ ಮಂಡಿ ಡಬ್ವಾಲಿಯಂಥ ಊರುಗಳಲ್ಲಿ ಜೀಪು ಕಟ್ಟುವುದೇ ಒಂದು ಉದ್ಯಮ. ಅಗಲದ ಟೈರು, ಎತ್ತರದ ಮೈ, ಮುಂದೆ ಉಕ್ಕಿನ ಕೊಂಬು. ಫೋಟೋ ನೋಡಿ ಮರುಳಾಗದವರಾರು? ಆದರೆ ಅಗಲದ ಟೈರು ಹಾಕಿದರೆ ಹಳೇ ಸ್ಟೀರಿಂಗು ಮತ್ತು ಗಾಲಿಯ ಬೇರಿಂಗಿನ ಮೇಲೆ ಲೆಕ್ಕಕ್ಕಿಲ್ಲದ ಭಾರ ಬೀಳುತ್ತದೆ. ಮುಂದಿನ ಕಬ್ಬಿಣದ ಗಾರ್ಡುಗಳನ್ನು ಕೇಂದ್ರ ಸರ್ಕಾರ 2017ರ ಕೊನೆಯಲ್ಲೇ ನಿಷೇಧಿಸಿತು. ಇನ್ನು ಸೈನ್ಯದ ಹಸಿರು ಬಣ್ಣ ಪ್ರತಿ ಹುಡುಗನ ಮೊದಲ ಬೇಡಿಕೆ. ಅದು ಸಿಗದು. ಮೋಟಾರು ವಾಹನ ನಿಯಮ 121ರ ಪ್ರಕಾರ ಆಲಿವ್ ಹಸಿರು ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು.

ಸಿಂಗಾರದ ದುಡ್ಡನ್ನು ಬ್ರೇಕಿಗೆ ಹಾಕಿದರೆ ಹೆತ್ತವರು ನೆಮ್ಮದಿಯಿಂದ ನಿದ್ದೆ ಮಾಡಬಹುದು. ಆ ಕಾಲದ ಜೀಪಿನಲ್ಲಿ ನಾಲ್ಕೂ ಗಾಲಿಯ ಬ್ರೇಕಿಗೆ ಒಂದೇ ಎಣ್ಣೆಯ ದಾರಿ. ಎಲ್ಲೋ ಒಂದು ಪೈಪು ಸೋರಿದರೆ ನಾಲ್ಕೂ ಬ್ರೇಕು ಒಟ್ಟಿಗೆ ಕೈಕೊಡುತ್ತವೆ. ಪೈಪು, ಮಾಸ್ಟರ್ ಸಿಲಿಂಡರಿನ ರಬ್ಬರು, ಡ್ರಮ್ಮಿನೊಳಗಿನ ಲೈನರ್ ಹೊಸದಾಗಿರಬೇಕು. ಕೈಬ್ರೇಕು ಇಳಿಜಾರಿನಲ್ಲಿ ಗಾಡಿ ಹಿಡಿದು ನಿಲ್ಲಿಸಬೇಕು. ಸ್ಟೀರಿಂಗನ್ನು ಅರ್ಧ ಸುತ್ತು ತಿರುಗಿಸಿದರೂ ಗಾಲಿ ಅಲುಗದ ಜೀಪನ್ನು ‘ಹಳೇ ಗಾಡಿ ಹೀಂಗ ಇರೂದು’ ಎಂದು ಸಮಾಧಾನ ಮಾಡಿಕೊಂಡು ಓಡಿಸುವವರಿದ್ದಾರೆ. ಹಾಗಿರುವುದಿಲ್ಲ. ಕಿಂಗ್‌ಪಿನ್ನಿನ ಬೇರಿಂಗು, ಕೀಲುಗಳು ಸವೆದಾಗ ಮಾತ್ರ ಹಾಗಿರುತ್ತದೆ.

ಮೂಲ ರೂಪ ಎಂದರೆ ಹೇಗಿರುತ್ತದೆ ಎಂದು ಕಾಣಬಯಸುವ ಮಕ್ಕಳನ್ನು ರಜೆಯಲ್ಲಿ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಕರೆದೊಯ್ಯಬಹುದು. ಅದು ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹ. ಕೈಗೆ ಎಣ್ಣೆ ಹತ್ತಿಸಿಕೊಳ್ಳಲೇಬೇಕೆನ್ನುವವರಿಗೆ ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐಯಲ್ಲಿ ಎರಡು ವರ್ಷದ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿ ಇದೆ. ಹೊಸ ಕಾರುಗಳ ದೋಷವನ್ನು ಕಂಪ್ಯೂಟರೇ ಹೇಳುತ್ತದೆ ನಿಜ. ಆದರೆ ಜೀಪಿನಲ್ಲಿ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠದ ಹಲಗೆ ಸಿಗುವುದು ಕಷ್ಟ.

ಕೂಡಿಸಿ ಮುಗಿದ ಜೀಪಿನ ಪರೀಕ್ಷೆಗೆ ಈ ಸೀಮೆಯಲ್ಲಿ ಒಳ್ಳೆಯ ದಾರಿ ಗೋಕಾಕ ಪಟ್ಟಣದಿಂದ ಗೋಕಾಕ ಫಾಲ್ಸ್‌ಗೆ ಏರುವ ರಸ್ತೆ. ಏರಿನಲ್ಲಿ ಎಂಜಿನ್ನು ಕಾಯುತ್ತದೆಯೋ, ತಿರುವಿನಲ್ಲಿ ಸ್ಟೀರಿಂಗು ಮಾತು ಕೇಳುತ್ತದೆಯೋ ಎಲ್ಲವೂ ಅಲ್ಲಿ ಗೊತ್ತಾಗುತ್ತದೆ. ಮೇಲೆ, 170 ಅಡಿ ಆಳಕ್ಕೆ ಬೀಳುವ ಘಟಪ್ರಭೆಯ ಪಕ್ಕದಲ್ಲಿ, ಹತ್ತೊಂಬತ್ತನೇ ಶತಮಾನದಲ್ಲೇ ನೀರಿನ ಬಲದಿಂದ ಯಂತ್ರ ತಿರುಗಿಸಿದ ನೂಲಿನ ಗಿರಣಿಯಿದೆ. ಅಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಬೇಕು. ಅಡಿಯಲ್ಲಿ ಎಲ್ಲಿಯಾದರೂ ಎಣ್ಣೆ ತೊಟ್ಟಿಕ್ಕುತ್ತಿದೆಯೇ ನೋಡಬೇಕು. ಒಂದೆರಡು ಹನಿ ಬಿದ್ದರೆ ಮಗ ಮುಖ ಸಣ್ಣ ಮಾಡುತ್ತಾನೆ. ಅಪ್ಪ ಬೆರಳಿಗೆ ಹಚ್ಚಿ ಮೂಸಿ ನೋಡಿ, ಗೇರಿನ ಎಣ್ಣೆಯೋ ಬ್ರೇಕಿನದೋ ಎಂದು ಹೇಳಿಬಿಡುತ್ತಾನೆ. ಬ್ರೇಕಿನದಾದರೆ ಕೆಳಗಿಳಿಯುವ ಮುನ್ನ ಅಲ್ಲಿಯೇ ಪಾನಾ ತೆಗೆಯಬೇಕು. ಗೇರಿನದಾದರೆ ಕರದಂಟು ತಿನ್ನುತ್ತ ನಿಧಾನಕ್ಕೆ ಮೂಡಲಗಿಯ ದಾರಿ ಹಿಡಿಯಬಹುದು.